ಆಣೆ ಇಡದ ಸಾಕ್ಷಿ

ನಮ್ಮ ಮನೆಯಲ್ಲಿ ಆಣೆ ಇಡುವಂತಿರಲಿಲ್ಲ. ಶಾಲೆಯಲ್ಲಿ ಗೆಳತಿಯರು ದೇವರಾಣೆ, ವಿದ್ಯೆಯಾಣೆ, ನಮ್ಮವ್ವನಾಣೆ ಎಂದು ದಿನಕ್ಕೆ ಹತ್ತು ಸಲ ಗಂಟಲು ಮುಟ್ಟಿಕೊಳ್ಳುತ್ತಿದ್ದರು. ನಾನು ಒಮ್ಮೆ ಮಾವಿನಕಾಯಿ ಕದ್ದಿಲ್ಲವೆಂದು ಯೇಸುವಿನ ಆಣೆ ಇಟ್ಟು ಅಪ್ಪನ ಕೈಯಿಂದ ಬೆನ್ನಿಗೆ ಎರಡು ತಿಂದೆ. ಒಂದು ಕದ್ದಿದ್ದಕ್ಕೆ, ಇನ್ನೊಂದು ಆಣೆಗೆ. "ಹೌದಂದ್ರ ಹೌದು ಅನ್ನು, ಅಲ್ಲಂದ್ರ ಅಲ್ಲ ಅನ್ನು. ಅದರ ಮ್ಯಾಲ ಒಂದ್ ಮಾತ್ ಹೆಚ್ಚಾತಂದ್ರ ಅದು ಸೈತಾನನ ಅಂಗಡಿ ಮಾಲು" ಎನ್ನುತ್ತಿದ್ದ ಅಪ್ಪ. ಎರಡನೆಯ ಏಟೇ ಜೋರಾಗಿತ್ತು ಎಂದು ಇಂದಿಗೂ ನೆನಪಿದೆ.

ಅಪ್ಪ ಕಮಲಾಪುರದಲ್ಲಿ ಸರಕಾರಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದವನು. ಊರಲ್ಲಿ ಕ್ರೈಸ್ತರ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ನಮ್ಮ ಚರ್ಚಿಗೆ ತಗಡಿನ ಮಾಡು, ಮಳೆ ಬಂದರೆ ಪ್ರಸಂಗ ಕೇಳಿಸುತ್ತಿರಲಿಲ್ಲ. ಆದರೆ ಹೊಲದ ಬದುವಿನ ಜಗಳವಾಗಲಿ, ಎತ್ತು ಮಾರಿದ ಮಾತಾಗಲಿ, "ಮಾಸ್ತರನ್ನ ಕರೀರಿ" ಎನ್ನುವುದು ಊರಿನ ರೂಢಿ. ಊರಿನ ಅರ್ಧ ಕಾಗದಗಳ ಕೆಳಗೆ ಅಪ್ಪನ ದಸ್ಕತ್ತಿದೆ. ಹೆಮ್ಮೆ ಪಡುವುದು ಪಾಪವೆಂದು ನಮ್ಮ ಪಾಸ್ಟರು ಹೇಳುತ್ತಾರೆ. ಉಳಿದ ಪಾಪಗಳನ್ನು ಬಿಡಲು ನಾನು ತಯಾರಿದ್ದೇನೆ, ಇದೊಂದನ್ನು ಬಿಡಲಾರೆ.

ನಮ್ಮ ಎದುರು ಮನೆಯಲ್ಲಿ ಕಾಕು ಇದ್ದಾಳೆ. ಅವರದು ಲಿಂಗ ಕಟ್ಟಿಕೊಳ್ಳುವ ಮನೆತನ, ನಮ್ಮದು ಶಿಲುಬೆ. ಆದರೂ ನನಗೆ ಹುಟ್ಟಿದಾಗಿನಿಂದ ಅವಳು ಕಾಕುವೇ, ಚಿಕ್ಕಮ್ಮನೇ. ಮಕ್ಕಳಿಲ್ಲ, ಗಂಡ ಬೇಗ ತೀರಿಕೊಂಡ. ಹಾಸಿಗೆ ಹಿಡಿದ ಅತ್ತೆಯನ್ನು ಆಕೆ ಒಬ್ಬಳೇ ಎತ್ತಿ, ಇಳಿಸಿ, ತೊಳೆದು ನೋಡಿಕೊಂಡಳು. ಅತ್ತೆ ತನ್ನ ಹೆಸರಿನಲ್ಲಿದ್ದ ಆ ಮನೆಯನ್ನು ಸೊಸೆಗೆ ಮೃತ್ಯುಪತ್ರ ಬರೆದುಕೊಟ್ಟಳು, ಹೆಬ್ಬೆಟ್ಟು ಒತ್ತಿದಳು. ಸಾಕ್ಷಿ ಇಬ್ಬರು: ಊರಿನ ಹಿರಿಯರೊಬ್ಬರು, ಇನ್ನೊಬ್ಬ ನಮ್ಮಪ್ಪ. ಅತ್ತೆ ಹೋದಳು, ವರ್ಷ ತುಂಬುವುದರೊಳಗೆ ಆ ಹಿರಿಯರೂ ಹೋದರು. ಆಗ ಕಾಕುವಿನ ಭಾವ ಕಲಬುರಗಿ ಕೋರ್ಟಿಗೆ ಹೋಗಿ ಪತ್ರವೇ ಸುಳ್ಳು, ಹೆಬ್ಬೆಟ್ಟು ತಾಯಿಯದಲ್ಲ ಎಂದ. ಕಾಕುವಿನ ತಲೆಯ ಮೇಲಿನ ಸೂರು ಉಳಿಯಬೇಕಾದರೆ ಇನ್ನು ಉಳಿದಿದ್ದು ಅಪ್ಪನ ಮಾತು ಒಂದೇ.

ತೊಂದರೆ ಏನೆಂದರೆ, ಹೆಬ್ಬೆಟ್ಟು ಒತ್ತುವಾಗ ಅಪ್ಪ ಅಲ್ಲಿರಲೇ ಇಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆ ಭಾನುವಾರ ಕಲಬುರಗಿಯ ಚರ್ಚಿನಲ್ಲಿ ನನ್ನ ಮಗನ ದೀಕ್ಷಾಸ್ನಾನ. ರಾತ್ರಿಯತನಕ ಅಪ್ಪ ಅಲ್ಲೇ ಕುಸನೂರಿನ ನನ್ನ ಗಂಡನ ಮನೆಯಲ್ಲಿ ಹೊಸ ಕೋಟು ಹಾಕಿಕೊಂಡು ಮೊಮ್ಮಗನನ್ನು ಎತ್ತಿಕೊಂಡಿದ್ದ. ಫೋಟೊ ಇಂದಿಗೂ ನನ್ನ ಮೊಬೈಲಿನಲ್ಲಿದೆ. ಬರಹಗಾರ ಬಂದು ಪತ್ರ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದು ಅದೇ ಸಂಜೆ.

ಕಾಕುವಿನ ವಕೀಲರ ಕಚೇರಿ ಸೇಡಂ ರಸ್ತೆಯಲ್ಲಿತ್ತು. ಅಪ್ಪನನ್ನು ನಾನೇ ಸ್ಕೂಟಿಯಲ್ಲಿ ಕರೆದುಕೊಂಡು ಹೋದೆ. ವಕೀಲರಿಗೆ ಗಡಿಬಿಡಿ, ಹೊರಗೆ ಇನ್ನೂ ನಾಲ್ಕು ಜನ ಕೂತಿದ್ದರು.

"ಮಾಸ್ತರ್ರೀ, ಮುದುಕಿ ನಿಮ್ಮ ಎದುರಿಗೇ ಹೆಬ್ಬೆಟ್ಟು ಒತ್ಯಾಳ. ನೀವು ಕಣ್ಣಾರೆ ನೋಡೀರಿ. ಅಷ್ಟೇ ಹೇಳ್ರಿ, ಮುಂದಿಂದು ನನಗ ಬಿಡ್ರಿ."

"ನಾ ನೋಡಿಲ್ರೀ. ಮರುದಿನ ಮುಂಜಾನಿ..."

"ಮರುದಿನದ ಮಾತೇ ಎತ್ತಬ್ಯಾಡ್ರಿ! ನೋಡೀನಿ ಅಂದ್ರ ಮನಿ ಆಕಿದು, ಇಲ್ಲಂದ್ರ ಭಾವಂದು."

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ. ನನಗೆ ಮೈಯೆಲ್ಲ ಉರಿಯಿತು, ವಕೀಲರ ಮೇಲಲ್ಲ, ಅಪ್ಪನ ಮೇಲೆ. ಮನೆಗೆ ಬಂದು ಚಹಾ ಲೋಟ ಕುಕ್ಕಿ ಕೇಳಿದೆ: "ವಿಧವೆಯರನ್ನ ಕಾಯ್ರಿ ಅಂತ ದೇವರ ವಾಕ್ಯದಾಗ ಎಷ್ಟ್ ಕಡೆ ಅದ, ನಿನಗ ಗೊತ್ತಿಲ್ಲೇನು? ನಿನ್ನ ಒಂದು 'ಹೌದು' ಉಳಸ್ಕೊಂಡು ಕಾಕುನ ಬೀದಿಗೆ ನೂಕ್ತಿಯೇನು?"

ಅಪ್ಪ ಲೋಟ ಕೈಗೆತ್ತಿಕೊಂಡ. ನಾನು ಬಿಡುವವಳೇ? ಭಾನುವಾರ ಮಕ್ಕಳಿಗೆ ಸಂಡೇಸ್ಕೂಲ್ ಕಲಿಸುವವಳು ನಾನು, ನನ್ನ ಜೋಳಿಗೆಯಲ್ಲಿ ಕತೆಗಳಿಗೇನು ಬರ. ಐಗುಪ್ತದ ಸೂಲಗಿತ್ತಿಯರನ್ನು ತೆಗೆದೆ. ಹುಟ್ಟಿದ ಗಂಡುಕೂಸುಗಳನ್ನು ಕೊಲ್ಲಿರೆಂದು ಫರೋಹ ಹೇಳಿದಾಗ ಅವರು ಅವನೆದುರು ಸುಳ್ಳು ಹೇಳಿ ಕೂಸುಗಳನ್ನು ಉಳಿಸಿದರು. ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದ. "ಅದಕ್ಕೇನಂತಿ?" ಎಂದೆ. ಆಚಾರ ಹೇಳೋದು, ಬದನೆಕಾಯಿ ತಿನ್ನೋದು ಎಂಬ ಗಾದೆ ಆ ದಿನ ನನಗೇ ಹೊಂದುತ್ತಿತ್ತು.

ಅಪ್ಪ ಲೋಟ ಕೆಳಗಿಟ್ಟ. "ಅವರು ನಿಂತಿದ್ದು ಫರೋಹನ ಮುಂದ, ಅವ್ವಾ. ಇಲ್ಲಿ ಫರೋಹ ಯಾರದಾನ? ಕೂಸು ಕೊಲ್ಲು ಅಂತ ಯಾರೂ ಅಂದಿಲ್ಲ. ನಿಂದು ನಂದು ಕೇಳ್ಲಿಕ್ಕಂತ ಒಬ್ಬ ಜಜ್ಜನ್ನ ನಾವೇ ಕುಂದ್ರಿಸೀವಿ. ಅವನ ಕಿವಿಗೇ ಸುಳ್ಳು ತುಂಬಿದ್ರ, ನಾಳೆ ಖರೇ ಹೇಳೋರು ಎಲ್ಲಿ ಹೋಗಬೇಕು?"

ಈ ಮಾತಿಗೆ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು, ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟೆ.

ಸಾಕ್ಷಿಯ ದಿನ ಕಾಕು ಮುಂಜಾನೆಯ ಬಸ್ಸಿಗೇ ಕಲಬುರಗಿಗೆ ಬಂದು, ಶರಣಬಸವೇಶ್ವರ ದೇವಸ್ಥಾನಕ್ಕೆ ಹೋಗಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಕೋರ್ಟಿಗೆ ಬಂದಳು. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. "ಇವು ಗುಡಿಗೆ ಏರಿಸಿಲ್ರೀ ಮಾಸ್ತರ, ನಿಮಗಂತ ಬ್ಯಾರೆ ಚೀಲದಾಗ ಇಟ್ಟೀನಿ" ಎಂದಳು. ಆಕೆಯ ಮನೆ ಹೋಗುವ ಹೊತ್ತಿನಲ್ಲೂ ಗುಡಿಯ ನೈವೇದ್ಯ ತಿನ್ನದ ನಮ್ಮ ನೇಮದ ನೆನಪು! ವಕೀಲರು ಆಕೆಗೆ ಎಲ್ಲ ಹೇಳಿದ್ದರು, ಅಪ್ಪ ಒಪ್ಪಿಲ್ಲ ಎನ್ನುವುದೂ ಗೊತ್ತಿತ್ತು. ಆದರೂ ಅಪ್ಪನಿಗೆ ಒಂದು ಮಾತು ಹಿಂಗ ಹೇಳ್ರಿ, ಹಂಗ ಹೇಳ್ರಿ ಅನ್ನಲಿಲ್ಲ. ಅಪ್ಪ ಹಣ್ಣು ಇಸಿದುಕೊಂಡ, ಸುಲಿಯಲಿಲ್ಲ.

ಹೆಸರು ಕೂಗಿದರು. ಅಪ್ಪ ಕಟಕಟೆ ಹತ್ತಿದ. ಗುಮಾಸ್ತರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿರಿ ಎಂದರು.

"ಆಣಿ ಇಡಂಗಿಲ್ರೀ ಸಾಹೇಬ್ರ. ಖರೇ ಹೇಳ್ತೇನಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಜಡ್ಜ್ ಕನ್ನಡಕದ ಮೇಲಿಂದ ನೋಡಿದರು. "ದೇವರನ್ನು ನಂಬುವುದಿಲ್ಲವೇನು?"

"ನಂಬ್ತೇನ್ರೀ. ಅದಕ್ಕೇ ಇಡಂಗಿಲ್ಲ. ಆಣಿ ಇಡಬ್ಯಾಡ ಅಂತ ಅಂವಾ ಹೇಳ್ಯಾನ."

ನ್ಯಾಯಾಲಯ ಸ್ತಬ್ಧವಾಯಿತು ಎಂದೆಲ್ಲ ಬರೆಯಲಾರೆ. ಫ್ಯಾನು ಕಿರುಗುಡುತ್ತಿತ್ತು, ಬಾಗಿಲಲ್ಲಿ ಒಬ್ಬ ಫೋನಿನಲ್ಲಿ ಮಾತಾಡುತ್ತಿದ್ದ. ಜಡ್ಜ್ ಮಾತ್ರ ತಲೆಯಾಡಿಸಿ, "ಕಾನೂನಿನಲ್ಲಿ ಅದಕ್ಕೂ ಅವಕಾಶವಿದೆ. ಸತ್ಯ ಹೇಳುತ್ತೇನೆ ಎಂದರೆ ಸಾಕು" ಎಂದರು. ನಮ್ಮ ದೇಶದ ಕಾನೂನು ಮಾಡಿದವರಿಗೆ ನಾನು ಕೂತಲ್ಲೇ ಕೈ ಮುಗಿದೆ. ಕಮಲಾಪುರದ ಒಬ್ಬ ಮುದುಕ ಮಾಸ್ತರನ ಮನಸ್ಸಾಕ್ಷಿಗೂ ಒಂದು ಜಾಗ ಇಟ್ಟಿದ್ದಾರೆ.

ನಮ್ಮ ವಕೀಲರು ಕೇಳಬೇಕಾದ್ದನ್ನೆಲ್ಲ ಕೇಳಿದರು, ಆ ಒಂದು ಪ್ರಶ್ನೆ ಬಿಟ್ಟು. ಭಾವನ ವಕೀಲರೇನು ದಡ್ಡರೇ? ಎದ್ದವರೇ ಅದನ್ನೇ ಹಿಡಿದರು.

"ಮುದುಕಿ ಹೆಬ್ಬೆಟ್ಟು ಒತ್ತಿದ್ದು ನೀವು ನೋಡೀರೇನು?"

ನಾನು ಕಣ್ಣು ಮುಚ್ಚಿದೆ. ಪ್ರಭುವೇ, ಇದೊಂದು ಸಲ ಹೌದು ಅನ್ನಿಸು, ಇದೊಂದೇ ಸಲ ಎಂದು ಬೇಡಿದೆ. ಸಂಡೇಸ್ಕೂಲ್ ಟೀಚರ್, ಸುಳ್ಳಿಗಾಗಿ ಪ್ರಾರ್ಥನೆ!

"ಇಲ್ರೀ, ನೋಡಿಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ. ಭಾವನ ವಕೀಲರು ಮುಖ ಅರಳಿಸಿಕೊಂಡು ಕೂತುಬಿಟ್ಟರು. ಭಾವ ಮೀಸೆ ಸವರಿಕೊಂಡ. ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಅಪ್ಪ ಕಟಕಟೆಯಿಂದ ಇಳಿಯಲು ಒಂದು ಕಾಲು ಮುಂದಿಟ್ಟಿದ್ದ.

"ನಿಲ್ಲಿ" ಎಂದರು ಜಡ್ಜ್. "ನೋಡದೇ ಸಹಿ ಯಾಕೆ ಹಾಕಿದಿರಿ?"

"ಕೇಳಿ ಹಾಕೀನ್ರೀ."

"ಯಾರನ್ನು?"

ಆಗ ಅಪ್ಪ ಹೇಳಿದ. ಮರುದಿನ ಮುಂಜಾನೆ ಕಮಲಾಪುರಕ್ಕೆ ಮರಳಿದಾಗ ನಮ್ಮ ಮನೆಯ ಕಟ್ಟೆಯ ಮೇಲೆ ಈ ಕಾಗದ ಇತ್ತು, ದಸ್ಕತ್ ಹಾಕಿರೆಂದು ಬರಹಗಾರ ಬಿಟ್ಟುಹೋಗಿದ್ದ. ನೋಡದ್ದಕ್ಕೆ ಹೇಗೆ ಹಾಕುವುದೆಂದು ಅದನ್ನು ಹಿಡಿದುಕೊಂಡು ಮುದುಕಿಯ ಹೊರಸಿನ ಹತ್ತಿರ ಹೋದ, ಪೂರ್ತಿ ಓದಿ ಹೇಳಿದ, ಇದು ನಿನ್ನ ಬೆರಳೇ ಏನವ್ವಾ ಎಂದು ಕೇಳಿದ. ಮುದುಕಿ ನೀಲಿ ಮಸಿ ಹತ್ತಿದ ಹೆಬ್ಬೆರಳು ಎತ್ತಿ ತೋರಿಸಿದಳು.

"ಏನಂದರು?"

ಅಪ್ಪ ಸ್ವಲ್ಪ ನಾಚಿದ. "'ನಂದೇ ಅದ ಮಾಸ್ತರ. ನಿನ್ನೆಯಿಂದ ತಿಕ್ಕಾಕತ್ತೀನಿ, ಹೋಗವಲ್ದು. ನಿಮ್ಮ ಚರ್ಚಿನ ನೀರ್ ತಂದ್ರೂ ಹೋಗಂಗಿಲ್ಲ. ನನ್ನ ತೊಳದಾಕಿಗೆ ಮನಿ ಕೊಟ್ಟೀನಿ, ನೀ ಹಾಕು' ಅಂದ್ಳ್ರೀ. ಆಕಿ ಮುಂದೇ ಹಾಕೀನಿ."

ಈ ಸಲ ನಕ್ಕವರು ಜಡ್ಜ್. ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಅದು ಅತ್ತೆಯದೇ ಮಾತು, ಅತ್ತೆಯದೇ ಕುಚೇಷ್ಟೆ. ಊರಿನವರು ಯಾರು ಕೇಳಿದರೂ ಗುರುತಿಸುತ್ತಿದ್ದರು.

ಹೊರಗೆ ಬಂದ ಮೇಲೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ವಕೀಲರ ಮುಖ ಊದಿತ್ತು. ಅಪ್ಪ ಕಾಕುವಿನ ಮುಂದೆ ತಲೆ ತಗ್ಗಿಸಿ ನಿಂತು, "ನಿನ್ನ ಮನಿ ಹೋದ್ರ ನನ್ನಿಂದ ಹೋತವ್ವಾ" ಎಂದ.

"ಹೋದ್ರ ಹೋಗ್ಲಿ ಬಿಡ್ರಿ ಮಾಸ್ತರ. ನಮ್ಮತ್ತಿ ಮಾತು ಇವತ್ತ ತಿರುಗಿ ಕೇಳಿಸಿದ್ರಿ" ಎಂದಳು ಕಾಕು. ಇಂಥವಳಿಗಾಗಿ ಯಾರು ಬೇಕಾದರೂ ಸುಳ್ಳು ಹೇಳಿಯಾರು. ಹೇಳದೆ ಇರುವುದಕ್ಕೇ ಎದೆ ಬೇಕು.

ತೀರ್ಪು ಬರಲು ತಿಂಗಳುಗಳೇ ಹಿಡಿದವು. ಒಂದು ಮಧ್ಯಾಹ್ನ ವಕೀಲರು ಫೋನು ಮಾಡಿದರು: ಮನೆ ಕಾಕುವಿನದು. ಕಣ್ಣಿಂದ ನೋಡದಿದ್ದರೂ, ಬರೆಸಿದವರೇ ಇದು ನನ್ನದು ಎಂದು ಸಾಕ್ಷಿಗೆ ಹೇಳಿದರೆ, ಅವರ ಮುಂದೆ ಸಾಕ್ಷಿ ಸಹಿ ಹಾಕಿದರೆ ನಡೆಯುತ್ತದೆಂದು ಕಾಯಿದೆಯಲ್ಲೇ ಇದೆಯಂತೆ. ಇದು ಗೊತ್ತಿದ್ದ ಪುಣ್ಯಾತ್ಮ ವಕೀಲರು ಅವತ್ತು ಅಪ್ಪನಿಗೆ ಮಾತು ಮುಗಿಸಲು ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಆಮೇಲೆ ಅವರೇ ಹೇಳಿದ ಒಂದು ಮಾತಿಗೆ ಅದನ್ನೆಲ್ಲ ಮಾಫಿ ಮಾಡಿದೆ. ತನ್ನ ಕಡೆಯವರಿಗೆ ನಷ್ಟವಾಗುತ್ತದೆಂದು ಗೊತ್ತಿದ್ದೂ ನೋಡಿಲ್ಲ ಎಂದವನು ಈತ, ಹಾಗಾಗಿ ಕೇಳಿದ್ದೇನೆ ಎಂದದ್ದನ್ನು ನಂಬುತ್ತೇನೆ ಎಂಬರ್ಥದಲ್ಲಿ ಜಡ್ಜ್ ಬರೆದಿದ್ದರಂತೆ. ನಾನು ಪಾಠ ಮಾಡುವ ಶಾಲೆಯ ಸ್ಟಾಫ್‌ರೂಮಿನಲ್ಲಿ ಸಿಕ್ಕವರಿಗೆಲ್ಲ ನಮ್ಮಪ್ಪ, ನಮ್ಮಪ್ಪ ಎಂದು ಹೇಳಿಕೊಂಡು ತಿರುಗಿದೆ. ಮೂರನೆಯ ಸಲ ಹೇಳಿದಾಗ ಒಬ್ಬರು, "ಟೀಚರ್, ಗೊತ್ತಾತು ಬಿಡ್ರಿ" ಎಂದರು.

ಆ ಭಾನುವಾರ ಆರಾಧನೆ ಮುಗಿಸಿ ಕಮಲಾಪುರಕ್ಕೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಕಾಕು ಕೊಟ್ಟ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದ. ಎದುರು ಮನೆಯ ಬಾಗಿಲಲ್ಲಿ ಕಾಕು ಜೋಳ ಹಸನು ಮಾಡುತ್ತಿದ್ದಳು. ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು, ಅದನ್ನು ತೆಗೆಯದೆ ಆ ಹಣ್ಣು ತಿನ್ನಲು ನನಗೆ ಮುಖವಿರಲಿಲ್ಲ.

"ಪಪ್ಪಾ, ಒಂದ್ ಮಾತ್ ಹೇಳಬೇಕು. ಅವತ್ತ ಕೋರ್ಟಿನ್ಯಾಗ ನೀ ಸುಳ್ಳು ಹೇಳ್ಲಿ ಅಂತ ನಾ ಪ್ರಾರ್ಥನಾ ಮಾಡಿದ್ದೆ."

ಬೈಯುತ್ತಾನೆ ಎಂದುಕೊಂಡೆ, ಬೆನ್ನು ಕೂಡ ಬಿಗಿಹಿಡಿದೆ. ಅಪ್ಪ ಹಣ್ಣನ್ನು ಎರಡು ಮಾಡಿ ಅರ್ಧ ನನ್ನ ಕೈಗಿಟ್ಟ.

"ನಾನೂ ಅದನ್ನ ಬೇಡಿದ್ದೆ ಅವ್ವಾ. ಕಟಕಟಿ ಹತ್ತೋ ಮಟಾ ಬೇಡಿದ್ದೆ. ಬಾಯಿ ಕೇಳಲಿಲ್ಲ."