ಜೆಸಿಬಿಗೆ ಅಡ್ಡ ಕಟ್ಟಿದ ಹಾಸು

ನವಿಲು ಹೇಗಿರಬೇಕು ಎಂಬ ವಿಷಯದಲ್ಲಿ ನಮ್ಮಪ್ಪನಿಗೆ ಖಚಿತ ಅಭಿಪ್ರಾಯವಿತ್ತು. ಕೊಳ್ಳೇಗಾಲದ ಪೇಟೆಯಲ್ಲಿ ಹುಟ್ಟಿ, ಅಲ್ಲೇ ಮಗ್ಗದ ಮುಂದೆ ಕೂತು, ಜೀವಮಾನವಿಡೀ ರೇಷ್ಮೆ ಸೀರೆಯ ಅಂಚಿಗೆ ನವಿಲು ನೇಯ್ದವರು ಅವರು. ಜೀವಂತ ನವಿಲನ್ನು ಹತ್ತಿರದಿಂದ ನೋಡಿದ್ದು ಮಾತ್ರ ನಾವು ಊರಾಚೆಯ ಲೇಔಟಿಗೆ ಬಂದ ಮೇಲೆ. ಕಾಂಪೌಂಡಿನ ಮೇಲೆ ಬಂದು ಕೂತ ಗಂಡು ನವಿಲನ್ನು ಕಾಫಿ ಲೋಟ ಹಿಡಿದುಕೊಂಡೇ ಮೇಲಿಂದ ಕೆಳಗೆ ನೋಡಿ, "ಕತ್ತೇನೋ ಪರ್ವಾಗಿಲ್ಲ. ಕಾಲು ಒಂಚೂರೂ ಸರಿ ಇಲ್ಲ ಕಣವ್ವ," ಎಂದು ನನಗೆ ವರದಿ ಒಪ್ಪಿಸಿದರು.

ಪೇಟೆ ಬಿಟ್ಟಿದ್ದು ಹಾಸಿನ ದೆಸೆಯಿಂದ. ಸೀರೆಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬೀದಿಯುದ್ದಕ್ಕೂ ಬಿಗಿಯಾಗಿ ಎಳೆದು ಕಟ್ಟಿ, ಹರಿದ ಎಳೆಗಳನ್ನು ಕೂಡಿಸಬೇಕು. ಕಟ್ಟಿದ ಹಾಸನ್ನು ದಾಟಿದರೆ ಒಳ್ಳೆಯದಾಗುವುದಿಲ್ಲ ಎಂದು ನಮ್ಮ ಬೀದಿಯ ನಾಯಿಗಳಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಬೈಕಿನವರಿಗೆ. ಅವರ ಹಾರನ್ನಿಗೆ ರೋಸಿಹೋಗಿ ಅಪ್ಪ ಅಗಲ ರಸ್ತೆಯ ಲೇಔಟಿನಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದರು.

ಅದು ಮೊದಲು ಗದ್ದೆ ಬಯಲು. ನಾನು ಪಾಠ ಮಾಡಲು ಯಳಂದೂರಿಗೆ ಹೋಗುವ ಬಸ್ಸಿನ ಕಿಟಕಿಯಲ್ಲೇ ಅದು ಹಸಿರು ಕಳೆದುಕೊಂಡು ಕಲ್ಲು ನೆಟ್ಟ ಸೈಟುಗಳಾದದ್ದನ್ನು ನೋಡಿದ್ದೆ. ಆದರೆ ಗದ್ದೆ ಹೋದ ಸುದ್ದಿ ಪ್ರಾಣಿಗಳಿಗೆ ಯಾರೂ ಮುಟ್ಟಿಸಿರಲಿಲ್ಲ. ಕೇರೆಹಾವು ನಮ್ಮ ಚಪ್ಪಲಿ ಸ್ಟ್ಯಾಂಡಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಎದುರು ಮನೆಯ ಗೃಹಪ್ರವೇಶದಲ್ಲಿ ಹಸುವಿಗಿಂತ ಮೊದಲು ಒಳಗೆ ಹೋದದ್ದು ಮುಂಗುಸಿ.

ಪಕ್ಕದ ಖಾಲಿ ಸೈಟಿನಲ್ಲಿ ಗಿಡಗಂಟಿ ಎದೆಯೆತ್ತರ ಬೆಳೆದಿತ್ತು. ಅಲ್ಲಿಂದ ಕಂದು ಬಣ್ಣದ ಹಕ್ಕಿಯೊಂದು ಬಂದು ಅಮ್ಮ ಒಣಗಲು ಹರವಿದ ರಾಗಿ ತಿನ್ನುತ್ತಿತ್ತು. ಅಪ್ಪ ಮನೆಮನೆಗೂ ಹೋಗಿ, "ಯಾರ್ದು ಕಣ್ರೀ ಈ ಕೋಳಿ? ಕಟ್ಟಾಕ್ಕೊಳಿ," ಎಂದು ಜಗಳ ತೆಗೆದು ಬಂದರು. ಅದು ಹೆಣ್ಣು ನವಿಲು ಎಂದು ನಾನು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಸೀರೆಯಂಚಿನಲ್ಲಿ ಸಾಲಾಗಿ ನಿಂತಿರುವುದೆಲ್ಲ ಗಂಡು. ಒಂದೇ ಒಂದು ಹೆಣ್ಣಿಲ್ಲದೆ ಅಷ್ಟು ದೊಡ್ಡ ವಂಶ ಬೆಳೆಸಿದವರು ನಮ್ಮಪ್ಪ.

ಒಂದು ದಿನ ಆ ಹೆಣ್ಣು ನವಿಲಿನ ಹಿಂದೆಯೇ ಹೋಗಿ ಇಣುಕಿದ ಅಪ್ಪ ಪಿಸುಗುಡುತ್ತಾ ವಾಪಸ್ ಬಂದರು. "ಮೊಟ್ಟೆ ಮ್ಯಾಲೆ ಕೂತದೆ ಕಣವ್ವ, ನೆಲದಲ್ಲೇಯ!"

ಆ ಸೈಟಿನ ಮಾಲೀಕರು ಮೈಸೂರಿನವರು. ಗುದ್ದಲಿ ಪೂಜೆಗೆ ಮುನ್ನ ಗಿಡ ತೆಗೆಯಲು ಮಾರನೆಯ ದಿನವೇ ಜೆಸಿಬಿ ಬರುವುದಿತ್ತು. ಅಪ್ಪ ಫೋನ್ ಮಾಡಿ ಬೇಡಿಕೊಂಡರು. ಆ ಕಡೆಯಿಂದ, "ಹಕ್ಕಿಗೋಸ್ಕರ ಮುಹೂರ್ತ ಮುಂದಕ್ಕೆ ಹಾಕಕ್ಕಾಗುತ್ತಾ ಸಾರ್?" ಎಂಬ ಉತ್ತರ ಬಂತು. ಅಪ್ಪ ಊಟ ಸರಿಯಾಗಿ ಮಾಡಲಿಲ್ಲ. "ಇಷ್ಟ್ ವರ್ಸ ಇದ್ನೇ ನೇಯ್ದು ಅನ್ನ ತಿಂದಿವ್ನಿ," ಎಂದಷ್ಟೇ ಹೇಳಿದರು.

ಬೆಳಿಗ್ಗೆ ನೋಡಿದರೆ ಆ ಸೈಟಿನ ಮುಂದೆ, ಈ ತುದಿಯಿಂದ ಆ ತುದಿಗೆ, ಕೆಂಪು ರೇಷ್ಮೆಯ ಹಾಸು ಬಿಗಿದು ಕಟ್ಟಿತ್ತು. ಅಪ್ಪ ಸ್ಟೂಲು ಹಾಕಿಕೊಂಡು ಎಳೆ ಕೂಡಿಸುತ್ತಿದ್ದರು. ಜೆಸಿಬಿಯ ಡ್ರೈವರ್, ಮಾರ್ಟಳ್ಳಿ ಕಡೆಯವನು, ಇಳಿದು ಬಂದ.

"ಏನ್ಸಾ ಇದು?"

"ಮದ್ವೆ ಸೀರೆ ಆಸು ಕಣಪ್ಪ. ದಾಟಂಗಿಲ್ಲ."

"ಮದ್ವೇದಾ? ನಮ್ಗ್ಯಾಕ್ಸಾ ಆ ಪಾಪ," ಎಂದು ಗಾಡಿ ತಿರುಗಿಸಿಕೊಂಡು ಹೋದ. ಹಕ್ಕಿಗೋಸ್ಕರ ಮುಂದಕ್ಕೆ ಹೋಗದ ಮೈಸೂರಿನವರ ಮುಹೂರ್ತ ಮದುವೆ ಸೀರೆಗೋಸ್ಕರ ಹೋಯಿತು.

ಅಪ್ಪನಿಗೆ ಗೆದ್ದ ಸಂಭ್ರಮ. ಅಮ್ಮನಿಗೆ ಮೈಯೆಲ್ಲ ಉರಿ. ಬೀದಿಯಲ್ಲಿ ಕಟ್ಟಿದ ರೇಷ್ಮೆಯನ್ನು ಬಿಸಿಲೇರುವ ಮೊದಲೇ ಒಳಗೆ ತರಬೇಕೆಂದು ಕೂಸಿಗೂ ಗೊತ್ತು. "ಆ ನವಿಲು ಉಳೀಲಿ, ನಾವು ಬೀದಿಗೆ ಬೀಳೋಣ," ಎಂದು ಕೂಗಾಡಿದಳು. ಹಾಗಾಗಿ ಮರುದಿನದಿಂದ ರೇಷ್ಮೆ ಒಳಗೆ ಹೋಗಿ, ಅಟ್ಟದಲ್ಲಿದ್ದ ಹಳೆಯ ಹತ್ತಿ ನೂಲು ಹಾಸಾಗಿ ಹೊರಗೆ ಬಂತು. ಕೂಡಿಸಲು ಹರಿದ ಎಳೆ ಸಿಗದಿದ್ದಾಗ ಅಪ್ಪ ತಾವೇ ಕತ್ತರಿಸಿ ಮತ್ತೆ ಕೂಡಿಸುತ್ತಿದ್ದರು. ಲೇಔಟಿನವರಿಗೆ ಅದೇನು ಗೊತ್ತು? ವಾಕಿಂಗಿನವರು ಸುತ್ತು ಹಾಕಿಕೊಂಡು ಹೋದರು. ಎದುರು ಮನೆಯಾಕೆ ಹಾಸು ಕಟ್ಟಿದ ಕಂಬಕ್ಕೆ ಅರಿಶಿನ ಕುಂಕುಮವಿಟ್ಟು, ತನಗೂ ಇಂಥದೇ ಒಂದು ಸೀರೆ ಬೇಕೆಂದಳು. ಅಪ್ಪ ಆಗಲಿ ಎಂದುಬಿಟ್ಟರು!

ಡ್ರೈವರ್ ಬಂಡಳ್ಳಿಯ ಕಡೆ ಕೆಲಸ ಮುಗಿಸಿ ಮತ್ತೆ ಬಂದ. ಹಾಸು ಹಾಗೇ ಇತ್ತು. ಸೊಂಟದ ಮೇಲೆ ಕೈಯಿಟ್ಟು ಆ ತುದಿ ಈ ತುದಿ ನೋಡಿ ಕೇಳಿದ: "ಎಣ್ಣು ಎಷ್ಟುದ್ದ ಅವ್ಳೆ ಸಾ?"

ನಾನು ನಗು ತಡೆಯಲಾಗದೆ ಒಳಗೆ ಓಡಿದೆ. ಅಪ್ಪ ಮಾತ್ರ ಗಂಭೀರವಾಗಿ, "ದೊಡ್ ಮನೆತನ ಕಣಪ್ಪ," ಎಂದರು.

ಕೊನೆಗೂ ಒಂದು ಬೆಳಿಗ್ಗೆ ಗಿಡಗಳು ಅಲುಗಾಡಿ ಹೆಣ್ಣು ನವಿಲು ಹೊರಗೆ ಬಂತು. ಹಿಂದೆ ಹತ್ತಿಯುಂಡೆಗಳ ಹಾಗೆ ಮರಿಗಳು. ಅಪ್ಪ ಎದ್ದು ಎರಡೂ ಕೈಯಿಂದ ಹಾಸನ್ನು ಮೇಲೆತ್ತಿ ಹಿಡಿದರು. ತಾಯಿ ತಲೆ ತಗ್ಗಿಸಿ ಅಡಿಯಲ್ಲಿ ನುಸುಳಿ, ಮರಿಗಳನ್ನು ಕರೆದುಕೊಂಡು ಕಾಲುವೆ ಕಡೆ ಇನ್ನೂ ಉಳಿದಿದ್ದ ಗದ್ದೆಗೆ ಇಳಿಯಿತು. ಅಪ್ಪನ ಕಣ್ಣು ತುಂಬಿತ್ತು. ನನ್ನದೂ ಅಷ್ಟೆ. ಅಮ್ಮನೂ ಸೆರಗಿನಿಂದ ಮೂಗೊರೆಸಿಕೊಂಡು, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು.

ಹಾಸು ಬಿಚ್ಚಿದ ದಿನವೇ ಜೆಸಿಬಿ ಬಂದು ಸೈಟನ್ನು ಬೋಳು ಮಾಡಿತು. ನೀರು ಕುಡಿಯಲು ಬಂದ ಡ್ರೈವರ್‌ಗೆ ಅಪ್ಪ ಹೆಮ್ಮೆಯಿಂದ ನಿಜ ಹೇಳಿಬಿಟ್ಟರು. ಅವನು ಬಿದ್ದು ಬಿದ್ದು ನಕ್ಕ.

"ಈ ಬಯ್ಲೆಲ್ಲ ಅವ್ಗಳ್ದೇ ಅಲ್ವಾ ಸಾ. ಗಾಡಿ ಬಕೆಟ್ ಎತ್ತುದ್ ಮೇಲೇ ಗೊತ್ತಾಗಾದು. ನಿಮ್ ಸೈಟ್ ಕಿಲೀನ್ ಮಾಡಿದ್ದೂ ನಾನೇಯ. ನೀವಿನ್ನೂ ಆಗ ಪ್ಯಾಟೇಲಿದ್ರಿ."

ಅಪ್ಪನ ನಗು ನಿಂತಿತು. "ಇಲ್ಲೂ ಇತ್ತಾ?"

"ಇತ್ತು ಸಾ. ಈಗ ಮಗ್ಗ ಇಟ್ಟಿದೀರಲ್ಲ, ಆ ಮೂಲೇಲಿ."

"ಮೊಟ್ಟೆ?"

ಅವನು ಚೊಂಬು ಕೆಳಗಿಟ್ಟು ಬಾಯಿ ಒರೆಸಿಕೊಂಡ. "ಆವತ್ತು ಯಾರೂ ಏನೂ ಅಡ್ಡ ಕಟ್ಟಿರ್ನಿಲ್ಲ ಸಾ," ಎಂದ.

ಅಪ್ಪ ಆ ದಿನ ಮಗ್ಗಕ್ಕೆ ಕೂರಲಿಲ್ಲ.