ಮಾರ್ಕಿನ ಬದಲು ‘ನನಗೂ ಗೊತ್ತಿಲ್ಲ’ ಎಂದು ಬರೆದ ರಜಿಯಾ ಆಪಾ

ಸ್ಟಾಫ್ ಗ್ರೂಪಿನ ಮೆಸೇಜನ್ನು ಮೂರು ಸಲ ಓದಿದೆ...
ಬೇರೆ ಯಾರೋ ರಜಿಯಾ ಇರಬೇಕು ಅಂದುಕೊಂಡೆ.

ನಿನ್ನೆ ಸಂಜೆ ತಾನೇ ಕುರ್ಲಾ ಸ್ಟೇಷನ್ನಿನ ಬ್ರಿಜ್ ಮೇಲೆ ನನ್ನ ಕೈ ಹಿಡಿದು ಹತ್ತಿದ್ದರು.
“ಮಣಕಾಲು ಮಾತ್ ಕೇಳವಲ್ವು ತಂಗಿ” ಎಂದು ನಕ್ಕಿದ್ದರು...

ಇವತ್ತು ಬೆಳಗಿನ ನಮಾಜ್ ಮುಗಿಸಿ, ಕೂತಲ್ಲೇ ಹೋದರಂತೆ.
ಹಾರ್ಟ್ ಅಟ್ಯಾಕ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ರಜಿಯಾ ಆಪಾ ನಮ್ಮ ಉರ್ದು ಹೈಸ್ಕೂಲಿನಲ್ಲಿ ದೀನಿಯಾತ್, ಅಂದರೆ ಇಸ್ಲಾಂ ಧರ್ಮದ ಪಾಠ ಹೇಳುತ್ತಿದ್ದರು.
ನಾನು ಸೈನ್ಸ್ ಟೀಚರ್.
ವಿಜಯಪುರದ ಅವರು, ಧಾರವಾಡದ ನಾನು... ಸ್ಟಾಫ್ ರೂಮಿನಲ್ಲಿ ಕನ್ನಡದವರು ನಾವಿಬ್ಬರೇ.

ಆಪಾ...
ಸನಾಳ ಪೇಪರ್ ನೆನಪಿದೆಯಾ?

ಆಗ ಅವಳು ಒಂಬತ್ತನೇ ಕ್ಲಾಸಿನ ಹುಡುಗಿ. ದುಆ ಮಾಡುವುದರಿಂದ, ಅಂದರೆ ದೇವರಲ್ಲಿ ಬೇಡಿಕೊಳ್ಳುವುದರಿಂದ, ಏನು ಲಾಭ ಎಂದು ನೀವು ಕೇಳಿದ್ದಿರಿ.
ಅವಳು ಬರೆದಿದ್ದಳು:
“ಅಬ್ಬಾ ಬದುಕಲಿ ಎಂದು ದಿನಾ ದುಆ ಮಾಡಿದೆ. ಆದರೂ ಹೋಗಿಬಿಟ್ಟರು. ಉತ್ತರ ನನಗೆ ಗೊತ್ತಿಲ್ಲ.”

ಪಕ್ಕದಲ್ಲಿದ್ದ ಟೀಚರೊಬ್ಬರು ಇಣುಕಿ ನೋಡಿ, ಎಂಥ ಉದ್ಧಟತನ, ತಾಯಿಯನ್ನು ಕರೆಸಿ ಎಂದರು.
ನೀವು ನನ್ನ ಕಡೆ ತಿರುಗಿದಿರಿ.
“ಕರ್ಸಿ ಏನ್ ಹೇಳ್ಲಿ ಸುನಂದಾ? ಗಂಡ ಸತ್ತಾಕಿ ಮುಂದ ಮಗಳ ಕಂಪ್ಲೇಂಟ್ ಹೇಳ್ಲೇನು? ಉಳಿದವ್ರೆಲ್ಲಾ ಬಾಯಿಪಾಠ ಮಾಡಿ ಬರದಾರ. ಈಕಿ ಖರೇ ಬರದಾಳ ನೋಡು...”

ಕೆಂಪು ಪೆನ್ನಿನಲ್ಲಿ ಮಾರ್ಕ್ ಹಾಕಲಿಲ್ಲ. ಕೆಳಗೆ ಬರೆದಿರಿ:
“ನನಗೂ ಗೊತ್ತಿಲ್ಲ ಬೇಟಿ. ರಿಸೆಸ್ಸಿನಲ್ಲಿ ನನ್ನ ಜೊತೆ ಊಟಕ್ಕೆ ಬಾ.”

ಅವಳು ಬರಲಿಲ್ಲ.
ನೀವೇ ಡಬ್ಬಿ ಹಿಡಿದು ಮೂರನೇ ಮಹಡಿ ಹತ್ತಿ ಅವಳ ಬೆಂಚಿನಲ್ಲಿ ಹೋಗಿ ಕೂತಿರಿ.
ಮರುದಿನವೂ... ಅದರ ಮರುದಿನವೂ...
ನೀವು ಧರ್ಮದ ಮಾತು ಎತ್ತಲಿಲ್ಲ. ಶೇಂಗಾ ಚಟ್ನಿ ಖಾರ ಆಯಿತಾ ಎಂದಷ್ಟೇ ಕೇಳುತ್ತಿದ್ದಿರಿ.

ಹತ್ತೋ ಹನ್ನೆರಡೋ ದಿನದ ಮೇಲೆ ಅವಳು ನಿಮ್ಮ ಭುಜಕ್ಕೆ ತಲೆಯಿಟ್ಟು ಅತ್ತಳು.
ಅವತ್ತು ನಿಮ್ಮ ಮುಂದಿನ ಪೀರಿಯಡ್ ನಾನು ತೆಗೆದುಕೊಂಡೆ. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಕ್ರಮವನ್ನು ಎಂಟನೇ ಕ್ಲಾಸಿನ ಹುಡುಗಿಯರೇ ನನಗೆ ಕಲಿಸಿದರು! ಕೇಳಿ ನೀವು ಎಷ್ಟು ನಕ್ಕಿದ್ದಿರಿ...

ಇವತ್ತು ನಿಮ್ಮ ಮನೆಯಲ್ಲಿ ಸನಾ ಇದ್ದಳು ಆಪಾ.
ಈಗ ಪವಾಯಿಯಲ್ಲಿ ಕೆಲಸ ಮಾಡುತ್ತಾಳೆ. ಸುದ್ದಿ ಕೇಳಿ ಓಡಿಬಂದಿದ್ದಳು.
ನಿಮಗೆ ಕೊನೆಯ ಸ್ನಾನ ಮಾಡಿಸಿದ ಹೆಂಗಸರಲ್ಲಿ ಅವಳೂ ಒಬ್ಬಳು. ತೋಳು ಇನ್ನೂ ಒದ್ದೆಯಿತ್ತು.

ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು...
“ಮಿಸ್, ಆ ಪ್ರಶ್ನೆಗೆ ಆಪಾ ಕೊನೆವರೆಗೂ ಉತ್ತರ ಹೇಳಲಿಲ್ಲ. ಆದರೆ ಯಾವಾಗಲೋ ನಾನು ಮತ್ತೆ ದುಆ ಮಾಡಲು ಶುರುಮಾಡಿದ್ದೆ. ಇವತ್ತು ಅವರಿಗಾಗಿ ಮಾಡಿದೆ.”

ಸಂಜೆ ಗಂಡಸರು ನಿಮ್ಮನ್ನು ಎತ್ತಿಕೊಂಡು ಹೊರಟರು.
ನಾವು ಹೆಂಗಸರು ಚಾಳಿನ ಗ್ಯಾಲರಿಯಲ್ಲಿ ನಿಂತೆವು.
ಗಲ್ಲಿಯ ತಿರುವಿನವರೆಗೆ ಕಾಣುತ್ತಿದ್ದಿರಿ...
ಆಮೇಲೆ ಕಾಣಲಿಲ್ಲ.
ಸನಾ ನನ್ನ ಕೈ ಬಿಡಲಿಲ್ಲ.

ಹೋಗಿಬನ್ನಿ ಆಪಾ...
ನೀವಿರುವಲ್ಲಿ ನೆರಳಿರಲಿ, ತಂಪಿರಲಿ.
ನಿಮ್ಮ ಜೀವ ನೆಮ್ಮದಿಯಾಗಿ ಮಲಗಲಿ. 🙏