ಮಾವನವರ ಫಿಲ್ಟರು

ನಮ್ಮ ಮಾವನವರ ಬಲಗಾಲಿನಿಂದ ದಾರದಂಥ ನಾರುಹುಳ ಹೊರಗೆ ಬರುತ್ತಿದ್ದ ದಿನಗಳಲ್ಲೇ ನಮ್ಮ ಮನೆಗೆ ನೀರು ಸೋಸುವ ಫಿಲ್ಟರು ಬಂತು. ಎರಡೂ ನಿಧಾನದ ಕೆಲಸ. ಹುಳವನ್ನು ಜಗ್ಗಿದರೆ ಹರಿಯುತ್ತದೆ, ಹರಿದರೆ ಕಾಲು ಬಾತು ಕೀವಾಗುತ್ತದೆ. ಅದಕ್ಕೆ ಅದರ ತುದಿಯನ್ನು ಒಂದು ಸಣ್ಣ ಕಡ್ಡಿಗೆ ಸುತ್ತಿಟ್ಟು, ದಿನಾ ಅದು ತಾನಾಗಿ ಬಿಟ್ಟುಕೊಟ್ಟಷ್ಟನ್ನೇ ಸುತ್ತುತ್ತ ಹೋಗಬೇಕು. ಫಿಲ್ಟರಿನ ಗೋಡೆಯೂ ಗೌಂಡಿಗೆ ಮನಸ್ಸು ಬಂದಷ್ಟೇ ಮೇಲೇಳುತ್ತಿತ್ತು.

ಎಂಬತ್ತರ ದಶಕದ ಮೊದಮೊದಲ ಮಾತು. ನಾನು ಆ ಮನೆಗೆ ಸೊಸೆಯಾಗಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ತವರು ಕಲಘಟಗಿ ಕಡೆಯ ತಂಬೂರ. ಅಲ್ಲಿ ನೀರಿಗೆ ಬಣ್ಣವಿರಲಿಲ್ಲ. ಗಂಡನ ಊರು ಶಲವಡಿಯಿಂದಾಚೆ, ಎರೆ ಭೂಮಿಯ ನಡುವೆ. ಊರೊಳಗಿನ ಬಾವಿಗಳೆಲ್ಲ ಸವಳು; ಕುಡಿಯುವುದಕ್ಕೆ ಕೆರೆಯ ನೀರನ್ನು ಚಕ್ಕಡಿಯ ಮೇಲೆ ಬ್ಯಾರಲ್ಲಿನಲ್ಲಿ ತರಬೇಕಿತ್ತು. ಮದುವೆಯಾಗಿ ಬಂದ ದಿನ ಅತ್ತೆ ಕೈಗೆ ಕೊಟ್ಟ ತಂಬಿಗೆಯಲ್ಲಿ ಆರಿದ ಚಹಾ ಇದೆ ಎಂದುಕೊಂಡೆ. ಮೊದಲ ಗುಟುಕಿಗೆ ಅದು ನೀರು ಎಂದು ತಿಳಿಯಿತು. ಪೂರ್ತಿ ಕುಡಿದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

ಹಾಗೆಂದು ಆ ಮನೆಯಲ್ಲಿ ಸೋಸದ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಅತ್ತೆಯ ಬಳಿ ಮಾವನವರ ಹಳೆಯ ಧೋತರದ ತುಂಡುಗಳಿದ್ದವು. ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ, ಮೇಲಿನಿಂದ ಸಣ್ಣಗೆ ಸುರಿಯಬೇಕು. ಅರಿವೆಯ ಒಂದು ಮೈಗೆ ಕೆಂಪು ದಾರದ ಗುರುತು. ಆ ಮೈ ಯಾವಾಗಲೂ ಮೇಲೇ ಇರಬೇಕು; ಬೋರಲಾದರೆ ಸೋಸಿ ನಿಂತ ಹೊಲಸು ಕೊಡಕ್ಕೇ ಬೀಳುತ್ತದೆ. ಒಂದು ಸಲ ನಾನು ಅದನ್ನು ಬೋರಲು ಕಟ್ಟಿದ್ದೆ. ಅತ್ತೆ ಕೊಡದಲ್ಲಿದ್ದ ಅಷ್ಟೂ ನೀರನ್ನು ತೆಗೆದುಕೊಂಡು ಹೋಗಿ ಕುಂಬಳದ ಬಳ್ಳಿಗೆ ಹಾಕಿ ಬಂದರು.

ಮಾವನವರು ಒಂದು ಕಾಲಕ್ಕೆ ಪಂಚಾಯತಿಯ ಚೇರ್ಮನ್ ಆಗಿದ್ದವರು. ಹುದ್ದೆ ಹೋಗಿ ಎಷ್ಟೋ ವರ್ಷವಾಗಿದ್ದರೂ ಊರವರು ಚೇರಮನ್ರ ಅಂತಲೇ ಕರೆಯುತ್ತಿದ್ದರು. ಆ ಬೇಸಿಗೆ ಅವರ ಹಿಮ್ಮಡಿಯ ಮೇಲೆ ಒಂದು ಬೊಕ್ಕೆ ಎದ್ದಿತು. ಒಳಗೆ ಕೆಂಡ ಇಟ್ಟ ಹಾಗೆ ಉರಿ. ಮೊದಲ ಕೆಲವು ದಿನ ಹಳ್ಳದ ದಂಡೆಯ ಹೊಲಕ್ಕೆ ಹೋಗಿ, ಅಲ್ಲಿಯ ಮೆಟ್ಟಿಲು ಬಾವಿಯಲ್ಲಿ ಕಾಲು ಇಳಿಬಿಟ್ಟು ಕೂತು ಬರುತ್ತಿದ್ದರು. "ಅಗದಿ ತಂಪ ಆಕ್ಕೇತಿ," ಅನ್ನುತ್ತಿದ್ದರು. ಬೊಕ್ಕೆ ಒಡೆದು ಹುಳದ ಬಿಳಿ ತುದಿ ಕಂಡ ಮೇಲೆ ನಡೆಯುವುದು ಆಗದೆ ಹಗ್ಗದ ಹೊರಸು ಹಿಡಿದು ಮಲಗಿದರು. ಹೊರಸಿನ ಮೇಲೆ ಬೇರೆ ಕೆಲಸವಿರಲಿಲ್ಲ. ವಿಚಾರ ಮಾಡಿದರು.

"ನಾರು ನೀರಿನಿಂದ ಬರತೈತಿ," ಅಂದರು ಒಂದು ದಿನ. "ಇನ್ನ ಮ್ಯಾಲೆ ಈ ಮನೀ ನೀರೆಲ್ಲಾ ಫಿಲ್ಟರ ಆಗಬೇಕು. ಕುಡಿಯೂದು, ಅಡಿಗಿ, ಜಳಕ, ದನಾ, ಎಲ್ಲಾದಕ್ಕೂ. ನಳಾ ತಿರುವಿದ್ರ ಸ್ವಚ್ಛ ನೀರು ಬೀಳಬೇಕು."

ಅತ್ತೆ ರೊಟ್ಟಿ ಬಡಿಯುತ್ತಿದ್ದರು. "ಮನ್ಯಾಗ ನಾವು ಸೋಸೇ ಕುಡೀತೀವ್ರಿ. ನನಗ ನಾರು ಆಗಿಲ್ಲ, ನಿಮ್ಮ ಮಗಗ ಆಗಿಲ್ಲ. ನಿಮಗ ಒಬ್ಬರಿಗೇ ಯಾಕ ಆತು, ಸ್ವಲ್ಪ ವಿಚಾರ ಮಾಡ್ರಿ."

"ವಿಚಾರ ಮಾಡೇ ಹೇಳಾಕತ್ತೇನಿ."

ಚೇರ್ಮನ್ ಆಗಿದ್ದಾಗ ಅವರನ್ನು ಒಮ್ಮೆ ಪಟ್ಟಣದ ನೀರು ಶುದ್ಧ ಮಾಡುವ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ದರಂತೆ. ಅದನ್ನೇ ನೆನಪಿನಿಂದ ಸಣ್ಣದು ಮಾಡಿ ಹಿತ್ತಲಲ್ಲಿ ಕಟ್ಟಿಸುವುದು ಅವರ ಬೇತು. ಮೂರು ಸಿಮೆಂಟಿನ ಟಾಕಿ, ಒಂದಕ್ಕಿಂತ ಒಂದು ತಗ್ಗು. ಮೇಲಿನದರಲ್ಲಿ ನೀರು ನಿಂತು ರಾಡಿ ತಳಕ್ಕೆ ಕೂಡಬೇಕು. ನಡುವಿನದರಲ್ಲಿ ಖಡಿ, ಉಸುಕು, ಇದ್ದಲಿ ಒಂದರ ಮೇಲೊಂದು; ನೀರು ಅವುಗಳೊಳಗಿಂದ ಇಳಿಯಬೇಕು. ಕೆಳಗಿನದರಲ್ಲಿ ತಿಳಿನೀರು. ಅಲ್ಲಿಂದ ಅಡುಗೆಮನೆಗೆ, ಬಚ್ಚಲಿಗೆ, ದನ ಕಟ್ಟುವ ಕಡೆಗೆ ಪೈಪು. ಮೇಲಿನ ಟಾಕಿಗೆ ನೀರು ಹೇಗೆ ಏರುತ್ತದೆ ಎಂದು ನನ್ನ ಗಂಡ ಕೇಳಿದರು. "ಮನಿಶಾರು ಏರಸ್ತಾರ," ಅಂದರು ಮಾವನವರು.

ಹೊರಸನ್ನು ಹಿತ್ತಲ ಬಾಗಿಲಿಗೆ ತಂದು ಹಾಕಿದೆವು. ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಅವರು ಗೌಂಡಿಗೆ ಹೇಳುವುದು, ಗೌಂಡಿ ಹೌದ್ರಿ ಅನ್ನುತ್ತ ತನಗೆ ತಿಳಿದ ಹಾಗೆ ಮಾಡುವುದು. ನೋಡಲು ಬಂದವರು "ಎಲ್ಲಿಗೆ ಬಂತ್ರಿ ಚೇರಮನ್ರ?" ಎಂದು ಕೇಳಿದರೆ ಹುಳವೋ ಗೋಡೆಯೋ ಎಂದು ನನಗೆ ತಿಳಿಯುತ್ತಿರಲಿಲ್ಲ. ಮಾವನವರು ಎರಡರ ಸುದ್ದಿಯನ್ನೂ ಹೇಳಿ, ಎರಡನ್ನೂ ತೋರಿಸಿ ಕಳಿಸುತ್ತಿದ್ದರು.

ಇದ್ದಲಿ ನನ್ನ ತವರಿನಿಂದ ಬಂತು. ನಮ್ಮಪ್ಪ ಚೀಲ ತುಂಬಿ ಬಸ್ಸಿನ ಮೇಲೆ ಹೇರಿ ಕಳಿಸಿದ್ದ. ಉಸುಕು ದೂರದ ಹೊಳೆಯಿಂದ ಬಂತು, ಅರ್ಧ ಮಣ್ಣೇ. ಅದನ್ನು ತೊಳೆಯುವ ಕೆಲಸ ನಮ್ಮದು. ಸವಳು ನೀರಿನಲ್ಲಿ ತೊಳೆದರೆ ಉಪ್ಪು ಉಳಿಯುತ್ತದೆ ಎಂದು ಮಾವನವರು ಒಪ್ಪಲಿಲ್ಲ. ಕೆರೆಯ ನೀರಿನಲ್ಲೇ ತೊಳೆದೆವು. ಚಕ್ಕಡಿ ದಿನವೆಲ್ಲ ಕೆರೆಗೆ ಹೋಗಿ ಬಂತು. ಕುಡಿಯುವ ನೀರಲ್ಲಿ ನಾನು ಮತ್ತು ಅತ್ತೆ ಉಸುಕು ತೊಳೆಯುತ್ತಿದ್ದುದನ್ನು ಬಾಜು ಮನೆಯ ಹೆಂಗಸರು ಗೋಡೆಯ ಮೇಲಿಂದ ನೋಡಿದರು. ಅತ್ತೆ ತಲೆ ಎತ್ತಲಿಲ್ಲ.

ಮಾವನವರ ಹುಳ ಒಂದು ಮುಂಜಾನೆ ಪೂರ್ತಿ ಹೊರಗೆ ಬಂತು. ಫಿಲ್ಟರು ಮುಗಿಯುವ ಹೊತ್ತಿಗೆ ಅವರು ಕೋಲು ಹಿಡಿದು ನಡೆಯುತ್ತಿದ್ದರು. ಪೂಜೆ ಮಾಡಿ, ಕಾಯಿ ಒಡೆದು, ನಳ ತಿರುವಿದರು. ಇದ್ದಲಿಯ ಪುಡಿ ಸೇರಿ ಕಾಡಿಗೆಯಂಥ ನೀರು ಬಂತು. ಸುತ್ತ ನಿಂತವರು ಅವರನ್ನು ನೋಡಿದರು. "ಮೊದಲ ಹಿಂಗ ಬರತೈತಿ," ಅಂದರು ಅವರು. ಬಿಟ್ಟಷ್ಟೂ ಹಾಗೇ ಬಂತು. ಸಂಜೆಗೆ ಎಲ್ಲರೂ ಮನೆಗೆ ಹೋದ ಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಕೆಲವು ದಿನದ ಮೇಲೆ ನಿಜವಾಗಿಯೂ ತಿಳಿಯಾಯಿತು. ತಂಬಿಗೆಯ ತಳ ಕಾಣುತ್ತಿತ್ತು. ನನಗೆ ತವರಿನ ನೆನಪಾಗಿ, ಕಾರಣವಿಲ್ಲದೆ ಎರಡು ತಂಬಿಗೆ ಕುಡಿದೆ.

ಮರುದಿನ ಅತ್ತೆ ಅಡುಗೆಮನೆಯ ನಳದ ಬಾಯಿಗೆ ತಮ್ಮ ಧೋತರದ ಅರಿವೆ ಕಟ್ಟಿದರು.

"ಇದೇನಿದು? ಫಿಲ್ಟರಿಗೆ ಫಿಲ್ಟರ ಹಾಕಿದಿ?"

"ಟಾಕಿ ನಿಮ್ದು. ಅರಬಿ ನಂದು. ಎರಡೂ ಇರಲಿ ಬಿಡ್ರಿ."

ಮಾವನವರಿಗೆ ಇದು ಮನಸ್ಸಿಗೆ ಹತ್ತಿತು. ಬೀಗರು ಬಂದು ಫಿಲ್ಟರು ನೋಡುವಾಗ ಆ ಅರಿವೆ ಕಾಣದ ಹಾಗೆ ನಳಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು.

ಕಾಲು ಪೂರ್ತಿ ಮಾಯ್ದ ಮೇಲೆ ಅವರು ಮತ್ತೆ ಹೊಲಕ್ಕೆ ಹೋಗತೊಡಗಿದರು. ಒಂದು ದಿನ ಬುತ್ತಿ ಕೊಡಲು ನಾನೇ ಹೋದೆ. ಜೊತೆಗೆ ಒಂದು ಚರಿಗೆಯಲ್ಲಿ ಫಿಲ್ಟರಿನ ನೀರು ಒಯ್ದಿದ್ದೆ. ಮಾವನವರು ಮೆಟ್ಟಿಲು ಬಾವಿಯಲ್ಲಿ ಮೊಣಕಾಲ ತನಕ ಇಳಿದು, ಮೇಲಿನ ಪಾಚಿ ಸರಿಸಿ, ಬೊಗಸೆಯಲ್ಲಿ ನೀರು ಎತ್ತಿ ಕುಡಿಯುತ್ತಿದ್ದರು. ಕಸ ತೆಗೆಯಲು ಬಂದ ಹೆಂಗಸರೂ ಅದೇ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಅವರಲ್ಲಿ ನನ್ನ ವಯಸ್ಸಿನವಳೊಬ್ಬಳು ಇದ್ದಳು, ಕೂಸನ್ನು ಬನ್ನಿ ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸಿದ್ದಳು.

"ಮಾವಾರ, ಮನೀಂದ ನೀರು ತಂದೇನ್ರಿ," ಅಂದೆ.

"ಅದು ಮನೀ ನೀರ ತಂಗಿ," ಅಂದರು ಅವರು ಬಾಯಿ ಒರೆಸಿಕೊಳ್ಳುತ್ತ. "ಹೊಲದಾಗ ಹೊಲದ ನೀರು. ಸಣ್ಣಾಂವ ಇದ್ದಾಗಿಂದ ಕುಡಿದೇನಿ."

ಸಂಜೆ ಅತ್ತೆಗೆ ಹೇಳಿದೆ. ಅವರು ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ನೋಡಿದರು. "ಗೊತ್ತೈತಿ," ಅಂದರು. "ಹೇಳಿ ಹೇಳಿ ಸಾಕಾಗಿ ಬಿಟ್ಟೇನಿ."

ಮುಂದಿನ ಬೇಸಿಗೆಗೆ ಮಾವನವರ ಎಡಗಾಲಿನ ಮೇಲೆ ಬೊಕ್ಕೆ ಎದ್ದಿತು.

ಮೊದಲು ಯಾರಿಗೂ ಹೇಳಲಿಲ್ಲ. ಧೋತರ ಇಳಿಬಿಟ್ಟು ಮುಚ್ಚಿಕೊಂಡಿದ್ದರು. ಕುಂಟುವುದನ್ನು ಮುಚ್ಚಲು ಆಗಲಿಲ್ಲ. ಹೊರಸು ಮತ್ತೆ ಹಿತ್ತಲ ಬಾಗಿಲಿಗೆ ಬಂತು, ಆದರೆ ಈ ಸಲ ಅವರು ಫಿಲ್ಟರಿನ ಕಡೆ ಮುಖ ಮಾಡಿ ಅದನ್ನೇ ದಿಟ್ಟಿಸುತ್ತ ಮಲಗಿದ್ದರು. ನಂತರ ಒಂದೊಂದೇ ತಪ್ಪು ಹುಡುಕತೊಡಗಿದರು. ಗೌಂಡಿ ಉಸುಕು ಕಡಿಮೆ ಹಾಕಿದ್ದಾನೆ. ಖಡಿ ದಪ್ಪದ್ದು. ಕೊನೆಗೆ, ನಾನು ಚಹಾ ಕೊಡುತ್ತಿರುವಾಗಲೇ, "ಇದ್ದಲಿ ಹಸೀದಿತ್ತು" ಅಂದರು. ಇದ್ದಲಿ ಹಸಿ ಇರುವುದು ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ ಅತ್ತೆಯ ಮಗ್ಗುಲಿಗೆ ಕೂತು ಕಣ್ಣೀರು ಹಾಕಿದೆ. ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟರು. "ಹುಳಾ ಅವರ ಕಾಲಾಗ ಐತಿ. ಸಿಟ್ಟು ಎಲ್ಲೆರೆ ಹೋಗಬೇಕಲ್ಲವಾ."

ಆ ವಾರ ಊರಿಗೆ ನರ್ಸಬಾಯಿ ಬಂದರು. ಸರಕಾರದವರು ಆಗ ಊರೂರಿಗೆ ನಾರುಹುಳದ ವಿಚಾರಣೆಗೆ ಜನರನ್ನು ಕಳಿಸುತ್ತಿದ್ದರು. ಗಾಯ ತೊಳೆದು ಪಟ್ಟಿ ಕಟ್ಟಿದ ಮೇಲೆ ಮಾವನವರು ಫಿಲ್ಟರಿನ ಕಡೆ ಬೆರಳು ತೋರಿಸಿದರು. "ಇಷ್ಟೆಲ್ಲಾ ಮಾಡಿಸೇನ್ರಿ. ಆದ್ರೂ ಬಂತು."

"ನೀರಿನ ಜೋಡಿ ಹೊಟ್ಯಾಗ ಹೋದ ಹುಳಾ ಹೊರಗ ಬರಾಕ ಒಂದು ವರ್ಷ ಬೇಕ್ರಿ," ಅಂದರು ನರ್ಸಬಾಯಿ. "ಇದು ಹೋದ ಬ್ಯಾಸಗಿ ನೀರಿಂದು."

ಮಾವನವರು ಎದ್ದು ಕೂತರು. ಹೋದ ಬೇಸಿಗೆಯಲ್ಲಿ ಫಿಲ್ಟರಿನ ಕೆಲಸ ಇನ್ನೂ ನಡೆದಿತ್ತು. "ಹಂಗಾರ ಫಿಲ್ಟರಿಂದು ತಪ್ಪಿಲ್ಲ!" ಅಂದರು. ಕಾಲಿನಲ್ಲಿ ಹುಳ ಇಟ್ಟುಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆ ನೋಡಿಲ್ಲ. "ಕೇಳಿದೇನ? ಫಿಲ್ಟರ ಬರೋಬ್ಬರಿ ಐತಿ."

ಈ ಮಾತು ಬಾಗಿಲಲ್ಲಿ ನಿಂತಿದ್ದ ಅತ್ತೆಗೆ. ನರ್ಸಬಾಯಿ ಚೀಲ ಕಟ್ಟುತ್ತ, "ಹೊಲದಾಗ ಎಲ್ಲಿ ನೀರು ಕುಡೀತೀರಿ?" ಎಂದು ಕೇಳಿದರು. ಮಾವನವರು ಪಟ್ಟಿ ನೋಡಿಕೊಂಡರು. ಅತ್ತೆ ನನ್ನ ಕಡೆ ನೋಡಿದರು. ಹೊರಗಿನವರ ಎದುರಿಗೆ ಆ ಮನೆಯಲ್ಲಿ ನಾನು ಬಾಯಿ ತೆರೆದದ್ದು ಅದೇ ಮೊದಲು.

"ಮೆಟ್ಟಲ ಬಾವ್ಯಾಗ ಇಳದು ಬೊಗಸೀಲೆ ಕುಡೀತಾರ್ರಿ."

"ಬೊಕ್ಕಿ ಎದ್ದಾಗ ಅದೇ ಬಾವ್ಯಾಗ ಕಾಲು ಇಟ್ಟಿದ್ದರೇನು?"

"ಉರಿ ಆಕ್ಕಿತ್ತು," ಅಂದರು ಮಾವನವರು.

ನರ್ಸಬಾಯಿ ಬೈಯಲಿಲ್ಲ. ಕಾಲು ನೀರಿಗೆ ಇಟ್ಟಾಗ ಹುಳ ಆ ನೀರಿನಲ್ಲಿ ಸಾವಿರಗಟ್ಟಲೆ ಮರಿ ಬಿಡುತ್ತದೆ, ಆ ನೀರು ಕುಡಿದವರಿಗೆ ಮುಂದಿನ ವರ್ಷ ನಾರು ಆಗುತ್ತದೆ ಎಂದು, ಪಾಠ ಹೇಳುವವರ ಹಾಗೆ ಹೇಳಿದರು. ಆಮೇಲೆ, "ನಿಮ್ಮ ಹೊಲಕ್ಕ ಕಸಾ ತಗಿಯಾಕ ಬರತಿದ್ಲಂತಲ್ಲ, ಸಣ್ಣ ಕೂಸಿನಾಕಿ. ಆಕಿಗೂ ಹೊರಗ ಬರಾಕತ್ತೇತಿ. ಅಲ್ಲೀಗೇ ಹೊಂಟೇನಿ," ಅಂದು ಹೋದರು.

ಅವತ್ತು ಮಧ್ಯಾಹ್ನ ಮಾವನವರು ಊಟಕ್ಕೆ ಏಳಲಿಲ್ಲ. ಬಿಸಿಲು ತಗ್ಗಿದ ಮೇಲೆ ಕೋಲು ಕೇಳಿದರು. ಅತ್ತೆ ನಾಲ್ಕು ರೊಟ್ಟಿ, ಪಲ್ಯ ಕಟ್ಟಿ ನನ್ನ ಕೈಗೆ ಕೊಟ್ಟು, "ಅವರ ಸಂಗಾಟ ಹೋಗು" ಅಂದರು. ಓಣಿಗಳನ್ನು ದಾಟಿ ಊರ ಆ ತುದಿಗೆ ಹೋಗಲು ತುಂಬ ಹೊತ್ತು ಹಿಡಿಯಿತು.

ಹೊಲಕ್ಕೆ ಬರುತ್ತಿದ್ದ ಕೂಸಿನವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕೂಸು ತೊಡೆಯ ಮೇಲಿತ್ತು. ಚೇರಮನ್ರನ್ನು ಕಂಡು ಏಳಲು ನೋಡಿದಳು, ಆಗಲಿಲ್ಲ. "ಕುಂಡ್ರು, ಕುಂಡ್ರು," ಎನ್ನುತ್ತ ಮಾವನವರು ಕಷ್ಟಪಟ್ಟು ಅವಳ ಎದುರಿಗೇ ನೆಲದ ಮೇಲೆ ಕೂತು ತಮ್ಮ ಕಾಲನ್ನೂ ಚಾಚಿದರು. ಎರಡು ಪಟ್ಟಿ ಕಟ್ಟಿದ ಕಾಲು ಎದುರುಬದುರು. ಪಂಚಾಯತಿಯಲ್ಲಿ ತಾಸುಗಟ್ಟಲೆ ಮಾತಾಡುತ್ತಿದ್ದವರು ಅವಳ ಪಟ್ಟಿಯ ಗಂಟನ್ನೇ ನೋಡಿದರು.

"ಕಡ್ಡೀಗಿ ಸುತ್ತೀಯೇನವಾ?" ಎಂದು ಕೇಳಿದರು ಕಡೆಗೆ.

"ಹೌದ್ರಿ."

"ಜಗ್ಗಬ್ಯಾಡ. ಬ್ಯಾಸರ ಬಂತಂತ ಜಗ್ಗಬ್ಯಾಡ. ತಾನ ಬರತೈತಿ."

"ಹೂನ್ರಿ."

"ಕಾಲು ನೀರಾಗ ಇಡಬ್ಯಾಡ. ಎಷ್ಟ ಉರಿ ಆದ್ರೂ ಇಡಬ್ಯಾಡ."

ಅಷ್ಟೇ. ನಾನು ರೊಟ್ಟಿಯ ಗಂಟು ಕೊಟ್ಟೆ. ವಾಪಸು ಬರುವಾಗ ಅವರು ದಾರಿಯಲ್ಲಿ ಎರಡು ಸಲ ನಿಂತರು. ಕಾಲು ನೋಯುತ್ತಿದೆಯೇ ಎಂದು ಕೇಳಿದೆ. "ಹೂಂ," ಅಂದರು.

ತಮ್ಮ ಕಾಲು ಮಾಯುವ ತನಕವೂ ಅವರು ಕಾಯಲಿಲ್ಲ. ಗೌಂಡಿಯನ್ನು ಕರೆಸಿ ಚಕ್ಕಡಿಯಲ್ಲಿ ಮಲಗಿಕೊಂಡೇ ಹೊಲಕ್ಕೆ ಹೋದರು. ಬಾವಿಯ ಮೆಟ್ಟಿಲುಗಳಿಗೆ ಅಡ್ಡ ಕಲ್ಲಿನ ಗೋಡೆ ಎದ್ದಿತು, ಸುತ್ತ ಎದೆಮಟ್ಟದ ಕಟ್ಟೆ, ಮೇಲೆ ಹಗ್ಗ ಎಳೆಯುವ ಗಡಗಡೆ. ಯಾರೂ ಕೆಳಗೆ ಇಳಿಯುವ ಹಾಗಿರಲಿಲ್ಲ. ಈ ಸಲ ಗೌಂಡಿಗೆ ಅವರು ಏನೂ ಹೇಳಿಕೊಡಲಿಲ್ಲ. ಅದಕ್ಕೇ ಕೆಲಸ ಬೇಗ ಮುಗಿಯಿತು. ಅತ್ತೆ ಅರಿವೆಯ ತುಂಡುಗಳನ್ನು ಹರಿದು, ಒಂದು ಮೈಗೆ ಕೆಂಪು ದಾರ ಹೊಲಿದು, ಹೊಲಕ್ಕೆ ಬರುವ ಪ್ರತಿ ಹೆಂಗಸಿಗೂ ಒಂದೊಂದು ಕಳಿಸಿದರು. ಮಾವನವರ ಬುತ್ತಿಯೊಳಗೂ ಒಂದು ಇಟ್ಟರು. ಅದನ್ನು ಅವರು ಬಳಸಿದರೋ ಇಲ್ಲವೋ ಅತ್ತೆ ಕೇಳಲಿಲ್ಲ. ಸಂಜೆ ಬುತ್ತಿಯ ಗಂಟು ಬಿಚ್ಚಿ, ಅದು ಒದ್ದೆ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ಒದ್ದೆ ಇರುತ್ತಿತ್ತು.

ಅದರ ಮುಂದಿನ ಬೇಸಿಗೆ ಮಾವನವರು ದಿನಾ ಮುಂಜಾನೆ ಕಟ್ಟೆಯ ಮೇಲೆ ಕೂತು ಎರಡೂ ಕಾಲನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಒಮ್ಮೆ ಬೆವರುಸಾಲೆಯ ಗುಳ್ಳೆ ಎದ್ದದ್ದಕ್ಕೆ ಮನೆಯವರೆಲ್ಲ ಉಸಿರು ಹಿಡಿದು ಕೂತೆವು. ಅದು ತಾನೇ ಒಣಗಿತು. ಮಳೆ ಬಂತು. ಕೂಸಿನವಳು ನಮ್ಮ ಹೊಲಕ್ಕೆ ಕಸ ತೆಗೆಯಲು ಬಂದಳು. ಕೂಸು ಅಷ್ಟರಲ್ಲಿ ನಡೆಯುತ್ತಿತ್ತು. ಯಾರ ಕಾಲಿನಲ್ಲೂ ಏನೂ ಇರಲಿಲ್ಲ.

ಊರಲ್ಲಿ ಇದೆಲ್ಲ ಫಿಲ್ಟರಿನ ಗುಣ ಎಂದಾಯಿತು. ಹಾಗೆ ಹೇಳಿದವರು ಮಾವನವರೇ. ಯಾರೇ ಬಂದರೂ ಟಾಕಿಯ ಮುಚ್ಚಳ ಎತ್ತಿ ಖಡಿ, ಉಸುಕು, ತಂಬೂರಿನ ಇದ್ದಲಿ ಎಂದು ಒಂದೊಂದನ್ನೂ ತೋರಿಸುತ್ತಿದ್ದರು. ಅತ್ತೆ ಅವರಿಗೆಲ್ಲ ಚಹಾ ಮಾಡಿ ಕೊಟ್ಟರು. ಹೊಲದ ಬಾವಿಗೆ ಅಷ್ಟು ಎತ್ತರದ ಕಟ್ಟೆ ಯಾಕೆ ಕಟ್ಟಿಸಿದಿರಿ ಎಂದು ಕೇಳಿದವರಿಗೆ ಮಾತ್ರ ಮಾವನವರು, "ದನಾ ಬೀಳ್ತಾವಂತ" ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಿದ್ದರು.